ಬಾಗಿಲು ತೆರೆದಿಟ್ಟ ಊರು

ಚಂಪಾಳ ಹೊಲಿಗೆ ಕೋಣೆಯ ಬಾಗಿಲು ಹಿಡಿದುಕೊಂಡದ್ದು ಗಾಳಿಯ ತಿಂಗಳು ಶುರುವಾಗುವ ಹೊತ್ತಿಗೆ. ಯಾರದೋ ಮದುವೆಯ ರವಿಕೆಗೆ ತೋಳು ಕೂಡಿಸುತ್ತಾ ಕುಳಿತಿದ್ದವಳು ಊಟಕ್ಕೆಂದು ಎದ್ದು ಬಂದು ಎಳೆದರೆ ಬಾಗಿಲು ಬರಲಿಲ್ಲ. ಇನ್ನೊಮ್ಮೆ ಎಳೆದಳು. ಆಮೇಲೆ ಎಳೆಯಲಿಲ್ಲ. ಮರ ಉಬ್ಬಿ ಸಿಕ್ಕಿಕೊಂಡ ಬಾಗಿಲು ಬೇರೆ, ಹಿಡಿದುಕೊಂಡ ಬಾಗಿಲು ಬೇರೆ. ನಮ್ಮೂರಿನ ಹೆಂಗಸರಿಗೆ ಅದು ಕೈಯಲ್ಲೇ ಗೊತ್ತಾಗುತ್ತದೆ.

ಅವಳು ಬೀದಿಯ ಕಿಟಕಿಗೆ ಬಂದು ಎದುರುಮನೆಯವಳನ್ನು ಕೂಗಿ, "ಬಾಳಕ್ಕಾ, ನನ್ನ ಬಾಗಿಲು ಹಿಡೀತು ಕಣ್ರೀ" ಎಂದಳು. ಒಂದು ಗೋಡೆಯ ಆಚೆ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಬೀದಿಯಲ್ಲಿರುವವಳಿಗೆ ಹೇಳಿದಳು, ನನಗೆ ಹೇಳಲಿಲ್ಲ. ಸಾಸಿವೆ ಸಿಡಿಯುವ ಸದ್ದಿನ ನಡುವೆ ನನಗೆ ಅವಳ ಮಾತು ಪೂರ್ತಿ ಕೇಳಿಸಿತ್ತು.

ಚಂಪಾ ನನ್ನ ಓರಗಿತ್ತಿ. ನನ್ನ ಗಂಡ ತೀರಿಕೊಂಡ ವರ್ಷ ನಮ್ಮ ಮನೆಯಲ್ಲಿ ಅಡುಗೆಮನೆ ಎರಡಾಯಿತು. ಯಾರು ಮೊದಲು ಆ ಮಾತೆತ್ತಿದರು ಎನ್ನುವುದು ಈಗ ಯಾರಿಗೂ ನೆನಪಿಲ್ಲ. ಒಲೆ ಎರಡಾದ ಮೇಲೆ ಮಾತೂ ನಿಂತಿತು. ಹೇಳಲೇಬೇಕಾದದ್ದು ಇದ್ದರೆ ಇಬ್ಬರೂ ಅವಳ ಗಂಡ ಶ್ರೀಕರನ ಮುಖ ನೋಡಿಕೊಂಡು ಹೇಳುತ್ತಿದ್ದೆವು. "ನಲ್ಲಿ ನೀರು ಬಂದಿದೆ ಅಂತ ಹೇಳಪ್ಪ" ಎಂದು ನಾನು. "ಕೇಳಿಸ್ತು ಅಂತ ಹೇಳಿ" ಎಂದು ಅವಳು. ಪಾಪದವನು ಇಬ್ಬರ ನಡುವೆ ನಿಂತು ತಲೆಯಾಡಿಸುತ್ತಿದ್ದ. ಜಗಳವಾಡಿದ್ದರೆ ಒಂದು ದಿನ ರಾಜಿಯೂ ಆಗುತ್ತಿತ್ತೇನೋ. ನಮ್ಮದು ಜಗಳವಲ್ಲ, ಅಭ್ಯಾಸ.

ಹಿಡಿದ ಬಾಗಿಲಿಗೆ ನಮ್ಮೂರಲ್ಲಿ ಬಡಗಿಯನ್ನು ಕರೆಯುವುದಿಲ್ಲ. ಹಾರೆ ಹಾಕಿದರೆ ಹಾರೆಯೇ ಬಾಗುತ್ತದೆ. ಬೀದಿಯ ತಿರುವಿನಲ್ಲಿರುವ ಮೆಹರ್‌ಬಿಯ ಗೇಮ್ ಅಂಗಡಿಗೆ ಹೋಗುತ್ತೇವೆ. ಅವಳು ಮುಂದೆ ಬಳೆ, ರಿಬ್ಬನ್ನು ಮಾರುತ್ತಾಳೆ. ಹಿಂದಿನ ಕತ್ತಲೆ ಕೋಣೆಯಲ್ಲಿ ಒಂದು ಡೊಳ್ಳುಹೊಟ್ಟೆಯ ಹಳೆಯ ಕಂಪ್ಯೂಟರ್ ಇದೆ, ಅದರಲ್ಲಿ ಒಂದೇ ಒಂದು ಆಟ ಇದೆ. ಆಟದಲ್ಲಿ ಒಂದು ದೊಡ್ಡ ಮನೆ. ಆ ಮನೆಯ ಯಜಮಾನ ಯಾರು, ಎಲ್ಲಿ ಮಾಯವಾದ ಎನ್ನುವುದು ಇವತ್ತಿನವರೆಗೆ ಯಾರಿಗೂ ಪತ್ತೆಯಾಗಿಲ್ಲ. ಊರಲ್ಲಿ ಯಾರದಾದರೂ ಬಾಗಿಲು ಹಿಡಿದುಕೊಂಡರೆ, ಅವರ ಕೋಣೆ ಆ ಪರದೆಯ ಮೇಲೆ ಮೂಡುತ್ತದೆ. ಮಂಚ, ಪೆಟ್ಟಿಗೆ, ಮೊಳೆಗೆ ತೂಗುಹಾಕಿದ ಚೀಲ, ಎಲ್ಲ ಇದ್ದಲ್ಲೇ ಇರುತ್ತವೆ. ಜೊತೆಗೆ ಒಂದು ಒಗಟು. ಕನ್ನಡಿಯಿಂದ ಕನ್ನಡಿಗೆ ಬಿಸಿಲು ತಿರುಗಿಸಿ ಮೂಲೆ ಮುಟ್ಟಿಸಬೇಕು, ಇಲ್ಲವೇ ಆಳವಾದ ಕೊಳವೆಯ ತಳದಲ್ಲಿರುವ ಬೆಂಡಿನ ತುಂಡನ್ನು ನೀರು ಸುರಿದು ತೇಲಿಸಬೇಕು, ಇಲ್ಲವೇ ಸೂಜಿಗೆ ಅಯಸ್ಕಾಂತ ಉಜ್ಜಿ ದಿಕ್ಕು ಹುಡುಕಬೇಕು. ಒಗಟು ಬಿಡಿಸಿದರೆ ಇತ್ತ ಮನೆಯಲ್ಲಿ ಬಾಗಿಲು ತೆರೆದುಕೊಳ್ಳುತ್ತದೆ.

ಒಂದೇ ಸೂರಿನ ಕೆಳಗಿರುವವರಿಗೆ ಮಾತ್ರ ಆ ಕೋಣೆ ಕಾಣುತ್ತದೆ. ಉಳಿದವರಿಗೆ ಪರದೆ ಬರೀ ಬೂದಿ ಬಣ್ಣ. ಇನ್ನೊಂದು ಬಾಗಿಲು ಎಲ್ಲಾದರೂ ಹಿಡಿದುಕೊಂಡಿತೋ, ಪರದೆಯ ಮೇಲೆ ಆ ಹೊಸ ಕೋಣೆ ಬರುತ್ತದೆ, ಹಳೆಯದು ಮತ್ತೆ ಬರುವುದಿಲ್ಲ. ಆಮೇಲೆ ಒಳಗಿದ್ದವರು ಕಿಟಕಿಯವರಾಗುತ್ತಾರೆ. ನಮ್ಮೂರಲ್ಲಿ ಕಿಟಕಿಯವರು ಸಾಕಷ್ಟು ಮಂದಿ ಇದ್ದಾರೆ. ತರಕಾರಿ ಗಾಡಿ ಅವರ ಕಿಟಕಿಗೆ ತಾಗಿ ನಿಲ್ಲುತ್ತದೆ, ಕ್ಷೌರದವನು ಸರಳಿನ ನಡುವೆ ಕೈ ತೂರಿಸಿ ಗಡ್ಡ ಕೆರೆಯುತ್ತಾನೆ. ಸರಳಿನ ಆಚೆ ಈಚೆ ಕುಳಿತು ಇಸ್ಪೀಟು ಆಡುತ್ತಾರೆ. ಮೊಮ್ಮಕ್ಕಳನ್ನು ಮುಟ್ಟಿ ನೋಡುವುದೂ ಸರಳಿನ ನಡುವೆಯೇ.

ಅದಕ್ಕೇ ಒಂದು ಬಾಗಿಲು ಹಿಡಿದ ಸುದ್ದಿ ಹಬ್ಬಿದ ಕೂಡಲೆ ಊರಿಗೆ ಊರೇ ತನ್ನ ಬಾಗಿಲುಗಳನ್ನು ತೆರೆದಿಡುತ್ತದೆ. ಮುಚ್ಚದ ಬಾಗಿಲನ್ನು ಯಾವುದೂ ಹಿಡಿಯಲಾರದಲ್ಲ. ಒರಳುಕಲ್ಲು, ಅಕ್ಕಿ ಮೂಟೆ, ಹೊಲಿಗೆ ಮಿಷನ್ನು, ಏನು ಸಿಕ್ಕಿದರೆ ಅದನ್ನು ಬಾಗಿಲಿಗೆ ಒತ್ತರಿಸಿ ಇಡುತ್ತಾರೆ. ನಾಯಿಗಳು ನಡುಮನೆಗೆ ಬರುತ್ತವೆ. ಬೆಕ್ಕುಗಳಿಗೆ ಹಬ್ಬ. ಬಚ್ಚಲಿಗೆ ಸೀರೆ ಅಡ್ಡ ಕಟ್ಟಿಕೊಂಡು ಸ್ನಾನ.

"ಇನ್ನೂ ಎಷ್ಟು ದಿನಾರೀ?" ಎಂದು ಬಾಳಕ್ಕ ಆ ವಾರದ ಕೊನೆಯಲ್ಲಿ ನನ್ನನ್ನು ತಡೆದು ಕೇಳಿದಳು. "ನಿನ್ನೆ ಹಂದಿಯೊಂದು ದೇವರ ಮನೆ ತನಕ ಬಂದಿತ್ತು. ಚಂಪಾ ಹೊರಗೆ ಬರೋ ಹೊತ್ತಿಗೆ ನಾವೇ ಊರು ಬಿಟ್ಟಿರ್ತೀವಿ."

"ಶ್ರೀಕರ ಆಡ್ತಿದಾನಲ್ಲ."

"ಆಡ್ತಿದಾನೆ, ಆಡ್ತಿದಾನೆ. ಅಲ್ಲಿಂದ ಬರೋ ಸದ್ದು ಕೇಳಿದ್ರೆ ಆಟ ಆಡ್ತಿದಾನೋ ಕಂಪ್ಯೂಟರಿಗೆ ಒದೀತಿದಾನೋ ಗೊತ್ತಾಗಲ್ಲ." ಆಮೇಲೆ ದನಿ ತಗ್ಗಿಸಿ, "ನೋಡ್ರೀ ಇಂದೂ, ಗಾಳಿ ಬೇರೆ ಜೋರಾಗ್ತಿದೆ. ಯಾರ ಬಾಗಿಲು ಯಾವಾಗ ಬಡಿದುಕೊಳ್ಳುತ್ತೋ. ಆಮೇಲೆ ನನ್ನ ಮೇಲೆ ಹೇಳಬೇಡಿ" ಎಂದಳು.

ಅವಳು ಹೇಳಿದ್ದು ಸುಳ್ಳಲ್ಲ. ನಾನು ಶ್ರೀಕರನಿಗೆ ಬುತ್ತಿ ತೆಗೆದುಕೊಂಡು ಹೋದಾಗ ಅವನು ಕೀಗಳನ್ನು ಬೆರಳಿನಿಂದ ಒತ್ತುತ್ತಿರಲಿಲ್ಲ, ಮುಷ್ಟಿಯಿಂದ ಗುದ್ದುತ್ತಿದ್ದ. "ಹೋಗು ಅಂದ್ರೆ ಹೋಗಲ್ಲ, ಹಾರು ಅಂದ್ರೆ ಹಾರಲ್ಲ ಅತ್ತಿಗೆ. ಈ ಬೊಂಬೆ ಮಾತೇ ಕೇಳಲ್ಲ. ಕೀ ಎಲ್ಲ ಕೆಟ್ಟುಹೋಗಿದೆ."

"ಎಲ್ಲರೂ ಹಾಗೇ ಹೇಳ್ತಾರೆ" ಎಂದಳು ಮೆಹರ್‌ಬಿ ಬಳೆ ಜೋಡಿಸುತ್ತಾ. "ಬಿಡಿಸಿದವರೂ ಹಾಗೇ ಹೇಳಿದ್ರು. ಅದೃಷ್ಟ ಇದ್ರೆ ಬೊಂಬೆ ತಾನೇ ಹೋಗಿ ಮಾಡುತ್ತಂತೆ."

ನಾನು ಪರದೆಯ ಕಡೆ ನೋಡದೆ ಬುತ್ತಿ ಇಟ್ಟು ಹೊರಡುವವಳಿದ್ದೆ. ನಿಜ ಹೇಳಬೇಕೆಂದರೆ ಹೆದರಿಕೆ. ಅಡುಗೆಮನೆ ಬೇರೆ ಮಾಡಿಕೊಂಡವರನ್ನು ಆ ಆಟ ಒಂದೇ ಸೂರಿನವರು ಎನ್ನುತ್ತದೋ ಇಲ್ಲವೋ. ಬೂದಿ ಬಣ್ಣ ಕಂಡರೆ ಏನು ಮಾಡುವುದು? ಇಷ್ಟು ವರ್ಷ ನನ್ನೊಳಗೇ ಇಟ್ಟುಕೊಂಡಿದ್ದ ಸಂಗತಿ ಮೆಹರ್‌ಬಿಯ ಅಂಗಡಿಯಲ್ಲಿ ಎಲ್ಲರೆದುರು ತೀರ್ಮಾನವಾಗಿಬಿಡುತ್ತದೆ. ಆದರೂ ಕಣ್ಣು ಅತ್ತ ಹೋಯಿತು.

ಕೋಣೆ ಕಾಣಿಸಿತು. ಒಂದು ಪಕ್ಕದ ಗೋಡೆ ತೆಗೆದು ಇಣುಕಿ ನೋಡಿದ ಹಾಗೆ, ಅವಳ ಮಿಷನ್ನು, ಸ್ಟೂಲು, ಬಟ್ಟೆಯ ಗಂಟು, ಇದ್ದಿಲಿನ ಇಸ್ತ್ರಿ ಪೆಟ್ಟಿಗೆ. ನನ್ನ ಕಣ್ಣು ತುಂಬಿ ಬಂದದ್ದನ್ನು ಶ್ರೀಕರ ನೋಡಲಿಲ್ಲ, ಅವನು ಗುದ್ದುವುದರಲ್ಲಿದ್ದ.

ಬಾಗಿಲ ಮೇಲೆ, ನಿಜವಾದ ಕೋಣೆಯಲ್ಲಿ ಇಲ್ಲದ ಒಂದು ಕೆಂಪು ದೀಪ. ಹೊತ್ತಿ ಆರುತ್ತಿತ್ತು, ಹೊತ್ತಿ ಆರುತ್ತಿತ್ತು. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ಒಂದು ಗುಂಡಿನ ಚಿತ್ರ, ಅದರಡಿ "ನನ್ನ ಜೊತೆ ತೂಗು" ಎಂಬ ಬರಹ. ಕೋಣೆಯ ನಡುವೆ ಹೆಬ್ಬೆರಳಿನಷ್ಟು ಎತ್ತರದ ಬೊಂಬೆ. ನಾನು ನೋಡುತ್ತಿರುವಾಗಲೇ ಅದು ಸ್ಟೂಲಿನಿಂದ ಎದ್ದು, ಎಡಗೈಯ ಹಿಂಬದಿಯನ್ನು ಸೊಂಟಕ್ಕೆ ಒತ್ತಿಕೊಂಡು, ಒಂದಿಷ್ಟು ಹಿಂದಕ್ಕೆ ಬಾಗಿತು.

ಮಿಷನ್ನಿನಿಂದ ಏಳುವಾಗಲೆಲ್ಲ ಚಂಪಾ ಹಾಗೆಯೇ ಬಾಗುತ್ತಾಳೆ. ಮಾತಿಲ್ಲದ ಮನೆಯಲ್ಲಿ ಕಣ್ಣಿಗೆ ಕೆಲಸ ಜಾಸ್ತಿ. ಅವಳ ಒಂದೊಂದು ಚಲನೆಯೂ ನನಗೆ ಬಾಯಿಪಾಠವಾಗಿತ್ತು. ಅದು ಬೊಂಬೆಯಲ್ಲ, ಚಂಪಾಳೇ. ಅವಳನ್ನು ಕೀ ಒತ್ತಿ ನಡೆಸಲು ಆಗುವುದಿಲ್ಲ. ಇಷ್ಟು ವರ್ಷ ಊರಿನವರೆಲ್ಲ ಒಳಗಿರುವವರನ್ನು ಹೊರಗಿನಿಂದ ಆಡಿಸಲು ನೋಡಿ, ಕೀ ಕೆಟ್ಟಿದೆ ಎಂದು ಬೈದುಕೊಂಡು ಬಂದಿದ್ದರು.

ಹಾಗಾದರೆ ಕೀ ಒತ್ತಿದರೆ ಆಗುವುದಾದರೂ ಏನು? ಅದನ್ನು ಕೇಳಬೇಕಾದರೆ ಒಳಗಿದ್ದವಳನ್ನೇ ಕೇಳಬೇಕು. ಶ್ರೀಕರನನ್ನು ಕಳಿಸಬಹುದಿತ್ತು. ಕಳಿಸಲಿಲ್ಲ. ಕಿಟಕಿಯ ಮುಂದೆ ಹೋಗಿ ನಿಂತೆ. ಅವಳು ಸರಳು ಹಿಡಿದುಕೊಂಡು ನೋಡಿದಳು. ಎಷ್ಟೋ ವರ್ಷದ ಮೇಲೆ ಆಡುವ ಮೊದಲ ಮಾತು, ಬಾಯಿಗೆ ಬಂದದ್ದು ಇಷ್ಟು: "ಊಟ ಆಯ್ತಾ?"

"ನೀವೇ ತಾನೇ ಕಳಿಸಿದ್ದು ಅಕ್ಕ. ಆಯ್ತು. ಹುಳಿಗೆ ಉಪ್ಪು ಕಮ್ಮಿ ಇತ್ತು."

"ಒಳಗೆ ಏನಾದರೂ ಸದ್ದು ಕೇಳುತ್ತಾ ನಿನಗೆ?"

"ಅಯ್ಯೋ, ಯಾರೋ ತಲೆಕೆಟ್ಟವರು ಬೆಳಗಿನಿಂದ ಸಂಜೆ ತನಕ ಬಾಗಿಲ ಪಕ್ಕದ ಗೋಡೆ ಬಡೀತಾರೆ. ಬಾಳಕ್ಕ ಇರಬೇಕು, ಸಿಟ್ಟಿಗೆ."

"ಬಾಳಕ್ಕ ಅಲ್ಲ, ನಿನ್ನ ಗಂಡ."

ಅವಳು ನಗಲಿಲ್ಲ. ನಾನು ಕಂಡದ್ದನ್ನೆಲ್ಲ ಹೇಳಿದೆ. ಹೇಳಿ, "ನನ್ನ ಊಹೆ ತಪ್ಪಿರಬಹುದು. ಒಮ್ಮೆ ನೋಡೋಣ. ನಾನು ಹೋಗಿ ಉದ್ದನೆಯ ಕೀ ಒತ್ತುತ್ತೀನಿ. ಸದ್ದು ಕೇಳಿದರೆ ಎರಡೂ ಕೈ ತಲೆ ಮೇಲೆ ಇಟ್ಕೊ" ಎಂದೆ.

"ತಲೆ ಮೇಲೆ ಕೈ ಯಾಕೆ, ಯಾರು ಸತ್ರು ಅಂತ?"

"ಸರಿ, ಸೆರಗು ಬೀಸು."

ಅಂಗಡಿಗೆ ಹೋಗಿ ಶ್ರೀಕರನನ್ನು ಎಬ್ಬಿಸಿ ಕುಳಿತೆ. ಉದ್ದನೆಯ ಕೀ ಒಂದು ಸಲ ಒತ್ತಿದೆ. ಹೆಬ್ಬೆರಳಿನ ಗಾತ್ರದ ಚಂಪಾ ಬೆಚ್ಚಿ, ಬಾಗಿಲ ಕಡೆ ತಿರುಗಿ, ಸೆರಗು ಬಿಚ್ಚಿ ಬೀಸಿದಳು. ಎರಡು ಸಲ ಒತ್ತಿದೆ. ಎರಡು ಸಲ ಬೀಸಿದಳು. ಮೂರನೆಯದಕ್ಕೆ ಬೀಸುತ್ತಾ ಬೀಸುತ್ತಾ ಒಂದು ಸುತ್ತು ತಿರುಗಿಯೇಬಿಟ್ಟಳು.

"ಏನಂತೆ?" ಎಂದಳು ಬೂದಿ ಬಣ್ಣ ನೋಡುತ್ತಿದ್ದ ಮೆಹರ್‌ಬಿ.

"ಕುಣೀತಿದಾಳೆ" ಎಂದೆ.

ದೀಪ ಕಾಣುವುದು ನನಗೆ, ಕೈಯಿರುವುದು ಅವಳಿಗೆ. ದೀಪ ಹೊತ್ತಿದಾಗಲೆಲ್ಲ ನಾನು ಕೀ ಒತ್ತುವುದು, ಆ ಬಡಿತಕ್ಕೆ ಸರಿಯಾಗಿ ಅವಳು ಏನನ್ನಾದರೂ ತೂಗಿಸುವುದು ಎಂದು ಕಿಟಕಿಯಲ್ಲಿ ಮಾತಾಯಿತು. ಅವಳು ಜಂತಿಯ ಕೊಕ್ಕೆಗೆ ಉದ್ದನೆಯ ದಾರ ಕಟ್ಟಿ ಕತ್ತರಿ ಇಳಿಬಿಟ್ಟಳು. ಅದು ಸೋಮಾರಿಯ ಹಾಗೆ ಹೋಗಿ ಬರುತ್ತಿತ್ತು, ನನ್ನ ಬಡಿತ ಅದಕ್ಕಿಂತ ಚುರುಕು.

ನಾನು ಕಿಟಕಿಗೆ ಬಂದು, "ಭಾರ ಸಾಲದು. ಭಾರವಾದದ್ದು ಜೋರಾಗಿ ಹೋಗುತ್ತೆ. ಇಸ್ತ್ರಿ ಪೆಟ್ಟಿಗೆ ಕಟ್ಟು" ಎಂದೆ. ಹಿರಿಯಳಾಗಿ ಹೇಳುವ ದನಿ ತಾನಾಗಿ ಬಂದಿತ್ತು. ಅವಳು ತುಟಿ ಬಿಗಿದುಕೊಂಡು ಇಸ್ತ್ರಿ ಪೆಟ್ಟಿಗೆ ಕಟ್ಟಿದಳು. ಅದು ಇನ್ನಷ್ಟು ನಿಧಾನವಾಗಿ ಹೋಯಿತು.

ಮತ್ತೆ ಕಿಟಕಿಗೆ. "ಹಾಗಾದರೆ ಹಗುರ ಇದ್ದದ್ದೇ ಬೇಗ ಹೋಗುತ್ತೆ. ಗುಂಡಿ ಕಟ್ಟು, ಅಂಗಿ ಗುಂಡಿ."

"ನೀವು ಹೇಳಿದ್ದೆಲ್ಲ ಸರಿ ಇರಲೇಬೇಕಾ ಅಕ್ಕ?" ಎಂದಳು. ಸಿಟ್ಟಿನ ಮಾತೇ. ಆದರೆ ನನ್ನ ಮುಖ ನೋಡಿ ಆಡಿದ ಸಿಟ್ಟು.

"ಇರಬೇಕಾಗಿಲ್ಲ. ಕಟ್ಟಿ ನೋಡು, ತಪ್ಪಿದ್ದರೆ ಬೈಯಿ."

ಗುಂಡಿ ನಾಲ್ಕಾರು ಸಲ ಓಲಾಡಿ ಸುಸ್ತಾಗಿ ನಿಂತಿತು. ನಿಲ್ಲುವ ತನಕ ಅದರ ಚುರುಕೂ ಕತ್ತರಿಯಷ್ಟೇ. ಅವಳು ಬೈದಳು. ನಾನು ಬೈಸಿಕೊಂಡೆ. ಮನೆಯಲ್ಲಿ ನಾನು ತಪ್ಪಿದ್ದೇನೆ ಎಂದು ಯಾರೂ ಬಾಯಿ ಬಿಟ್ಟು ಹೇಳಿ ಎಷ್ಟು ಕಾಲವಾಗಿತ್ತೋ. ವಿಧವೆಯಾದ ಮೇಲೆ ಜನ ನನ್ನನ್ನು ತಿದ್ದುವುದನ್ನೂ ಬಿಟ್ಟಿದ್ದರು. ಎದೆಯ ಮೇಲಿನ ಯಾವುದೋ ಕಲ್ಲು ಸರಿದ ಹಾಗಾಯಿತು.

"ದೂರ ಎಳೆದು ಬಿಟ್ಟರೆ?" ಎಂದಳು ಅವಳು. ಎಳೆದು ಬಿಟ್ಟಳು. ದೂರ ಹೋಗಬೇಕಾದ್ದರಿಂದ ಅವಸರ ಮಾಡಿತು, ಹತ್ತಿರ ಹೋಗುವಾಗ ಸಾವಕಾಶ ಮಾಡಿತು, ಒಟ್ಟಿನಲ್ಲಿ ಹೊತ್ತು ಅಷ್ಟೇ. ಸಂಜೆಯ ಹೊತ್ತಿಗೆ ಇಬ್ಬರಿಗೂ ದಣಿವು. ಅವಳು ಸರಳಿಗೆ ಹಣೆ ಆನಿಸಿ, "ಹೀಗೇ ಇದ್ದುಬಿಟ್ರೆ ಏನಾಗುತ್ತೆ ಅಕ್ಕ? ಕೂತಲ್ಲಿಗೆ ಊಟ ಬರುತ್ತೆ. ರವಿಕೆ ಕಿಟಕೀಲೇ ಕೊಡ್ತೀನಿ. ಯಾರ ಮನೆಗೂ ಹೋಗೋ ಹಾಗಿಲ್ಲ, ಯಾರ ಮಾತೂ ಕೇಳೋ ಹಾಗಿಲ್ಲ" ಎಂದಳು. ತಮಾಷೆಯ ದನಿಯಲ್ಲಿ ಶುರುವಾದ ಮಾತು ಮುಗಿಯುವಾಗ ತಮಾಷೆಯಾಗಿ ಉಳಿದಿರಲಿಲ್ಲ.

ನನಗೆ ಭಯವಾಯಿತು. ಕಿಟಕಿಯವರಲ್ಲಿ ಎಷ್ಟು ಜನ ಹೀಗೆಯೇ ಶುರು ಮಾಡಿದರೋ. ನಾನಾದರೂ ಬಾಗಿಲು ಹಿಡಿಯದೆಯೇ ಎಷ್ಟು ವರ್ಷ ಒಂದು ಗೋಡೆಯ ಹಿಂದೆ ಹಾಗೆ ಇದ್ದೆ. "ಅದೆಲ್ಲ ಬೇಡ. ನಾಳೆ ಮತ್ತೆ ನೋಡೋಣ" ಎಂದೆ. "ನೀನು ಹೊರಗೆ ಬಂದು ನಿನ್ನ ಕೈಯಲ್ಲಿ ಉಪ್ಪು ಹಾಕಿ ತೋರಿಸು."

ಮರುದಿನ ಬೆಳಿಗ್ಗೆಯೇ ಗಾಳಿ ಎದ್ದಿತು. ಬೀದಿಯ ಧೂಳು ಮನೆಮನೆಯ ನಡುಮನೆ ಹೊಕ್ಕಿತು. ಎಲ್ಲೋ ಅಕ್ಕಿ ಮೂಟೆ ಸರಿದು ಬಾಗಿಲು ಅರ್ಧ ಮುಚ್ಚಿಬಂತಂತೆ, ಯಾರೋ ಓಡಿ ಹಿಡಿದರಂತೆ. ನಾನು ಅಂಗಡಿಗೆ ಓಡುವಾಗ ನೋಡುತ್ತೇನೆ, ಪ್ರತಿ ಮನೆಯ ಹೊಸ್ತಿಲ ಮೇಲೂ ಒಬ್ಬೊಬ್ಬರು ಬಾಗಿಲಿಗೆ ಬೆನ್ನು ಕೊಟ್ಟು ಕುಳಿತಿದ್ದಾರೆ. ಬಾಳಕ್ಕ ತನ್ನ ದೊಡ್ಡ ದೇಹವನ್ನು ಬಾಗಿಲಿಗೆ ಅಡ್ಡ ಹಾಕಿ, ಕಣ್ಣಿಗೆ ಸೆರಗು ಮುಚ್ಚಿಕೊಂಡು, "ಬೇಗ ಹೋಗೇ ಮಾರಾಯ್ತಿ, ನನ್ನ ಕಾಲು ಜೋಮು ಹಿಡೀತು" ಎಂದು ಕೂಗಿದಳು. ಮೆಹರ್‌ಬಿ ಅಂಗಡಿಯ ಬಾಗಿಲನ್ನು ತಾನೇ ಹಿಡಿದು ನಿಂತಿದ್ದಳು.

ಪರದೆಯ ಮೇಲೆ ಚಂಪಾ ಸ್ಟೂಲು ಹತ್ತಿ ಕತ್ತರಿಯನ್ನು ಇನ್ನೊಮ್ಮೆ ಕಟ್ಟಲು ದಾರ ಮೇಲಕ್ಕೆ ಎಳೆದುಕೊಳ್ಳುತ್ತಿದ್ದಳು. ದಾರದ ನಡುವನ್ನು ಬೆರಳಲ್ಲಿ ಹಿಡಿದಿದ್ದಳು, ಉಳಿದ ತುಂಡಿನ ತುದಿಯಲ್ಲಿ ಕತ್ತರಿ ತೂಗಾಡುತ್ತಿತ್ತು. ಎಷ್ಟು ಚುರುಕಾಗಿ! ನನಗೆ ಕಂಡ ಗಳಿಗೆಯಲ್ಲೇ ಅವಳಿಗೂ ಕಂಡಿತು. ಅಲುಗಾಡದೆ ನಿಂತಳು. ಬೆರಳಿಗೆ ಇನ್ನೊಂದು ಸುತ್ತು ದಾರ ಸುತ್ತಿಕೊಂಡಳು. ಕತ್ತರಿ ಇನ್ನೂ ಚುರುಕಾಯಿತು. ಒಂದು ಸುತ್ತು ಬಿಚ್ಚಿದಳು. ನಿಧಾನವಾಯಿತು.

"ಭಾರ ಅಲ್ಲ, ದಾರ! ದಾರ!" ಎಂದು ನಾನು ಪರದೆಗೆ ಕೂಗುತ್ತಾ ಕೀ ಒತ್ತಿದೆ.

"ನಿಧಾನ ತಾಯಿ, ಇರೋದು ಅದೊಂದೇ ಕೀ" ಎಂದಳು ಮೆಹರ್‌ಬಿ.

ಇಸ್ತ್ರಿ ಪೆಟ್ಟಿಗೆ ನಿಧಾನವಾದದ್ದೂ ಆಗ ಅರ್ಥವಾಯಿತು. ಅದರ ಭಾರವಲ್ಲ ಕಾರಣ. ಹಿಡಿಕೆಗೆ ಕಟ್ಟಿದ್ದರಿಂದ ಅದರ ಒಡಲು ಕೆಳಗೆ ಜೋತುಬಿದ್ದು ದಾರವನ್ನೇ ಉದ್ದ ಮಾಡಿದಂತಾಗಿತ್ತು.

ಉಸಿರು ಬಿಗಿಹಿಡಿದು ದೀಪದ ಜೊತೆ ಒತ್ತತೊಡಗಿದೆ. ಅವಳು ಕೊಕ್ಕೆಗೆ ದಾರ ಸುತ್ತಿ, ಬಿಟ್ಟು, ಕಿವಿಗೊಟ್ಟು, ಮತ್ತೆ ಸುತ್ತಿ, ಕೂದಲೆಳೆಯಷ್ಟು ಸಡಿಲಿಸಿ ನೋಡಿದಳು. ಹತ್ತಿರ ಬಂತು. ಇನ್ನೂ ಹತ್ತಿರ. ಕೆಂಪು ದೀಪದಲ್ಲಿ ಒಂದು ಹಸಿರು ಛಾಯೆ ಮೂಡಿತು. ಅಷ್ಟರಲ್ಲಿ ಕತ್ತರಿ ಅಡ್ಡಾದಿಡ್ಡಿ ತಿರುಗಿ ದೀಪ ಮತ್ತೆ ಕೆಂಪಾಯಿತು. ಕಿಟಕಿಯಿಂದ ನುಗ್ಗಿದ ಗಾಳಿ.

ಮತ್ತೆ ತೂಗಿಬಿಟ್ಟಳು. ಮತ್ತೆ ಗಾಳಿ ಕೆಡಿಸಿತು.

ಪರದೆಯಲ್ಲಿ ಅವಳು ಕಿಟಕಿಯ ಕಡೆ ತಿರುಗಿದ್ದು ಕಂಡಿತು. ಹಿಡಿದ ಕೋಣೆಯ ಕಿಟಕಿಯನ್ನು ನಮ್ಮೂರಲ್ಲಿ ಯಾರೂ ಮುಚ್ಚುವುದಿಲ್ಲ. ಮುಚ್ಚಿದ ಮೇಲೆ ಅದೂ ಹಿಡಿದುಕೊಂಡರೆ? ಅನ್ನ, ನೀರು, ಮನುಷ್ಯರ ಮುಖ, ಎಲ್ಲ ಬರುವುದು ಅಲ್ಲಿಂದ. ಕಿಟಕಿಯವರು ಮಳೆಯಲ್ಲಿ ನೆನೆದರೂ ಅದನ್ನು ಮುಚ್ಚಿದವರಿಲ್ಲ. ಬೇಡ ಎಂದು ಹೇಳಲು ನನ್ನ ಬಳಿ ಬಡಿತ ಬಿಟ್ಟು ಬೇರೆ ಮಾತಿರಲಿಲ್ಲ. ಓಡಿಹೋಗಿ ತಡೆಯೋಣವೆಂದರೆ ಬಡಿತ ನಿಲ್ಲುತ್ತದೆ, ಒಳಗೆ ಅವಳು ಒಬ್ಬಳೇ ಆಗುತ್ತಾಳೆ.

ಹೆಬ್ಬೆರಳಿನ ಗಾತ್ರದ ಚಂಪಾ ಕಿಟಕಿಯ ಮುಂದೆ ನಿಂತು ಹೊರಗೆ ನೋಡಿದಳು. ಆಮೇಲೆ ಬಾಗಿಲ ಕಡೆ, ನನ್ನ ಬಡಿತ ಬರುತ್ತಿದ್ದ ಕಡೆ ನೋಡಿದಳು. ನಾನು ಒತ್ತುತ್ತಲೇ ಇದ್ದೆ. ಒಂದೇ ಸಮನೆ, ಹೆಚ್ಚು ಜೋರಿಲ್ಲದೆ, ನಿದ್ದೆ ಹೋಗುತ್ತಿರುವ ಮಗುವಿನ ಬೆನ್ನು ತಟ್ಟಿದ ಹಾಗೆ. ಅವಳು ಕಿಟಕಿಯ ಎರಡೂ ಕದ ಎಳೆದು ಮುಚ್ಚಿದಳು.

ಪರದೆಯ ಕೋಣೆ ಕತ್ತಲಾಯಿತು. ದೀಪ ಮಾತ್ರ ಉಳಿಯಿತು. ಹೊರಗೆ ಬೀದಿಯಲ್ಲಿ ಗಾಳಿ ಊಳಿಡುತ್ತಿತ್ತು, ಯಾರೋ "ಹಿಡ್ಕೊಳ್ರೋ, ಹಿಡ್ಕೊಳ್ರೋ" ಎಂದು ಕೂಗುತ್ತಿದ್ದರು. ನನಗೆ ಕತ್ತರಿ ಕಾಣುತ್ತಿಲ್ಲ, ಅವಳಿಗೆ ದೀಪ ಕಾಣುತ್ತಿಲ್ಲ. ನಾನು ಒತ್ತಿದೆ. ಅವಳು ತೂಗುತ್ತಿದ್ದಾಳೆಂದು ನಂಬಿ ಒತ್ತಿದೆ. ಬೆರಳಿನ ತುದಿ ಮರಗಟ್ಟಿತು.

ದೀಪದ ಅಂಚು ಹಸಿರಾಯಿತು. ಹಸಿರು ನಡುವಿನ ತನಕ ಬಂತು. ಆಮೇಲೆ ದೀಪ ಆರಲೇ ಇಲ್ಲ, ಹಸಿರಾಗಿ ನಿಂತುಬಿಟ್ಟಿತು.

ನಾನು ಎದ್ದು ಓಡಿದ ರಭಸಕ್ಕೆ ಒಂದು ಬಳೆಯ ಪೆಟ್ಟಿಗೆ ಉರುಳಿತು. ಮೆಹರ್‌ಬಿ ಬೈಯಲಿಲ್ಲ, ಬೀದಿಗೆ ಮುಖ ಮಾಡಿ "ತೆರೀತು!" ಎಂದು ಕೂಗಿದಳು. ಬೀದಿಯುದ್ದಕ್ಕೂ ಜನ ಎದ್ದು, ಧೂಳು ಕೊಡವಿಕೊಂಡು, ನಗುತ್ತಾ, ಮುಲುಕುತ್ತಾ ತಮ್ಮ ತಮ್ಮ ಬಾಗಿಲು ಹಾಕಿಕೊಳ್ಳತೊಡಗಿದರು. ಧಡ್, ಧಡ್ ಎಂದು ನಾನು ಹಾದುಹೋದ ಹಾಗೆ ಎರಡೂ ಕಡೆ ಬಾಗಿಲು ಮುಚ್ಚುವ ಸದ್ದು. ಬಾಳಕ್ಕ ಮಾತ್ರ ಕಾಲು ನೀವಿಕೊಳ್ಳುತ್ತಾ ಹೊಸ್ತಿಲಲ್ಲೇ ಕುಳಿತಿದ್ದಳು. "ಮೊದಲು ನನ್ನನ್ನು ಯಾರಾದರೂ ಎಬ್ಬಿಸಿ, ಆಮೇಲೆ ಸಂತೋಷ ಪಡಿ" ಎಂದಳು.

ಮನೆಯಲ್ಲಿ ಹೊಲಿಗೆ ಕೋಣೆಯ ಬಾಗಿಲು ಗೋಡೆಯ ತನಕ ತೆರೆದು ನಿಂತಿತ್ತು. ಅದರ ಮುಂದೆ ಶ್ರೀಕರ, ಕಣ್ಣು ಒರೆಸಿಕೊಳ್ಳುತ್ತಾ. "ನೋಡಿ ಅತ್ತಿಗೆ, ಬಾಗಿಲು ತೆರೀತು, ಇವಳೇ ಬರ್ತಿಲ್ಲ."

ಒಳಗೆ ಚಂಪಾ ಸ್ಟೂಲಿನ ಮೇಲೆ ನಿಂತು, ಕತ್ತರಿಯ ಪಕ್ಕದಲ್ಲಿ ಇಸ್ತ್ರಿ ಪೆಟ್ಟಿಗೆಯನ್ನೂ ಕಟ್ಟುತ್ತಿದ್ದಳು. ಎರಡರ ನಡುಭಾಗವೂ ಒಂದೇ ಮಟ್ಟಕ್ಕೆ ಬರುವಂತೆ ದಾರವನ್ನು ಗೇಣು ಹಾಕಿ ಅಳೆದಳು. ಮುಖವೆಲ್ಲ ಬೆವರು, ಕೂದಲು ಕೆದರಿತ್ತು. ನಾನು ಹೊಸ್ತಿಲಲ್ಲಿ ನಿಂತೆ. ತಬ್ಬಿಕೊಳ್ಳುತ್ತಾಳೇನೋ, ಅಳುತ್ತಾಳೇನೋ, ನಾನು ಏನು ಹೇಳಬೇಕು ಎಂದೆಲ್ಲ ಓಡುತ್ತಾ ಬರುವಾಗ ಅಂದುಕೊಂಡಿದ್ದೆ. ಅವಳು ತಿರುಗಿ, "ಬಂದ್ರಾ ಅಕ್ಕ? ಒಳಗೆ ಬನ್ನಿ. ಇದು ನಿಜವಾ ಅಂತ ಸರಿಯಾಗಿ ನೋಡಿಬಿಡೋಣ. ನೀವು ಇಸ್ತ್ರಿ ಪೆಟ್ಟಿಗೆ ಹಿಡ್ಕೊಳ್ಳಿ, ನಾನು ಕತ್ತರಿ. ಹೂಂ ಅಂದ ಕೂಡಲೆ ಬಿಡಿ" ಎಂದಳು.

ತೆರೆದ ಕೋಣೆಗೆ ಆ ದಿನವೇ ಕಾಲಿಡುವವರು ನಮ್ಮೂರಲ್ಲಿಲ್ಲ. ನಾನು ಇಟ್ಟೆ. ಇಸ್ತ್ರಿ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಎಳೆದೆ. ಅವಳ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು.

"ನನ್ನ ಊಹೆ, ಎರಡೂ ಒಟ್ಟಿಗೆ ಹೋಗುತ್ತೆ" ಎಂದಳು.

"ನನ್ನ ಊಹೆಯೂ ಅದೇ. ತಪ್ಪಿದ್ದರೆ ಇಬ್ಬರಿಗೂ ಬೈಗುಳ."

"ಹೂಂ" ಎಂದಳು. ಬಿಟ್ಟೆವು.

ಅದೇ ಗಳಿಗೆಗೆ ಶ್ರೀಕರ ಧೈರ್ಯ ಮಾಡಿ ಒಂದು ಕಾಲು ಒಳಗಿಟ್ಟು, ಬೀದಿಯ ಧೂಳು ನುಗ್ಗುತ್ತಿದ್ದುದನ್ನು ನೋಡಿ, "ಬಾಗಿಲು ಹಾಕ್ಲಾ?" ಎಂದು ಕೇಳಿದ.

"ಬೇಡ!" ಎಂದು ಇಬ್ಬರೂ ಒಂದೇ ಉಸಿರಿಗೆ ಕಿರುಚಿದೆವು.

ಅವನು ಹೆದರಿ ಹೊರಗೆ ಹಾರಿದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗತೊಡಗಿದೆವು. ಆ ಗಲಾಟೆಯಲ್ಲಿ ಯಾವುದು ಮೊದಲು ಹೋಯಿತು, ಯಾವುದು ಆಮೇಲೆ ಬಂತು ಎಂದು ಇಬ್ಬರೂ ನೋಡಲಿಲ್ಲ. ಇನ್ನೊಮ್ಮೆ ಮೊದಲಿನಿಂದ ಬಿಡಬೇಕಾಯಿತು.